ಐದನೇ ಆರೋ, ಆರನೇ ಐದೋ

ತಾರೀಖು ಬರೆಯುವುದೆಂದರೆ ಹಲ್ಲುಜ್ಜುವ ಹಾಗೆ. ಪ್ರತಿಯೊಬ್ಬರೂ ತಮ್ಮ ಕ್ರಮವೇ ಲೋಕದ ಕ್ರಮ ಎಂದು ನಂಬಿರುತ್ತಾರೆ. ಇನ್ನೊಬ್ಬರು ಹೇಗೆ ಮಾಡುತ್ತಾರೆ ಎಂದು ಯಾರೂ ಹಣಿಕಿ ನೋಡುವುದಿಲ್ಲ. ನನ್ನ ಗ್ರಹಚಾರಕ್ಕೆ ಹಾಗೆ ಹಣಿಕಿ ನೋಡುವುದೇ ನನ್ನ ಉದ್ಯೋಗವಾಯಿತು.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಊರವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ನಮ್ಮಲ್ಲಿ ಸಿಬ್ಬಂದಿಯ ರಜೆಯ ಲೆಕ್ಕ ಇಡಲು ಮಾತ್ರ ಏನೂ ಇರಲಿಲ್ಲ. ಒಂದು ದಿನ ಮ್ಯಾನೇಜರ್ ಹಾನಿ ಸಾಹೇಬರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಈಜಿಪ್ಟಿನವರು, ಒಳ್ಳೆಯವರು, ಹೆಸರಿನಲ್ಲಿ ಮಾತ್ರ ಹಾನಿ. ಕ್ಯಾಲೆಂಡರ್ ತೋರಿಸಿ ದಿನವನ್ನು ಒತ್ತಿಸೋಣ ಎಂದೆ. ಅವರ ಮುದಿ ಕಂಪ್ಯೂಟರಿನಲ್ಲಿ ಆ ಕ್ಯಾಲೆಂಡರ್ ತೆರೆದುಕೊಳ್ಳಲೇ ಇಲ್ಲ. "ಒಂದು ಖಾಲಿ ಬಾಕ್ಸ್ ಇಡು. ಬೇಕಾದವರು ಬರೆಯಲಿ. ಖಲಾಸ್" ಎಂದರು.

ಬರೆದರು ನೋಡಿ. ಒಬ್ಬ ಅಡ್ಡಗೆರೆ ಹಾಕಿದ, ಇನ್ನೊಬ್ಬ ಚುಕ್ಕೆ ಇಟ್ಟ, ಮತ್ತೊಬ್ಬ ಏನೂ ಇಡದೆ ಅಂಕಿಗಳನ್ನೆಲ್ಲ ಒತ್ತೊತ್ತಾಗಿ ಕೂರಿಸಿದ. ವೀಸಾ ಕೆಲಸ ನೋಡುವ ಹಿರಿಯರು ಅರಬಿ ಅಂಕಿಗಳಲ್ಲೇ ಬರೆದರು. ಅರಬಿಯ ಐದು ನಮ್ಮ ಸೊನ್ನೆಯ ಹಾಗೆಯೇ ಕಾಣುವುದರಿಂದ, ಅವರು ಸೊನ್ನೆನೇ ತಾರೀಖಿಗೆ ರಜೆ ಕೇಳಿದ್ದಾರೆಂದು ನಾನು ತುಂಬ ಹೊತ್ತು ನಕ್ಕೆ, ನಿಜಕ್ಕೆ ನಗಬೇಕಾದವರು ಅವರಾಗಿದ್ದರು. ಡ್ರೈವರ್ 'ಈದ್ ಆದ ಮೇಲೆ' ಎಂದು ಬರೆದ. ಅದಕ್ಕೆ ಚಂದ್ರನೇ ಉತ್ತರ ಹೇಳಬೇಕು, ನಾನಲ್ಲ.

ಇವರೆಲ್ಲರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಉಪಾಯ ಉಂಟು. ಬಿಲ್ಡಿಂಗಿನ ವಾಚ್‌ಮನ್ ಇದ್ದ ಹಾಗೆ. 'ಒಂದೋ ಎರಡೋ ಅಂಕಿ, ಆಮೇಲೆ ಗೆರೆಯೋ ಚುಕ್ಕೆಯೋ, ಮತ್ತೆ ಒಂದೆರಡು ಅಂಕಿ' ಎಂದು ಅವನಿಗೆ ಗುರುತು ಹೇಳಿಟ್ಟರೆ, ಆ ಚಹರೆಯವರನ್ನು ಮಾತ್ರ ಒಳಗೆ ಬಿಡುತ್ತಾನೆ. ಬಂದವರು ಯಾರು, ಯಾಕೆ ಬಂದರು ಎಂದು ಮಾತ್ರ ಕೇಳುವುದಿಲ್ಲ. ಅವನ ಸ್ವಭಾವದ ಈ ಕೊರತೆ ನನಗೆ ತಡವಾಗಿ ತಿಳಿಯಿತು.

ನಿಜವಾದ ತೊಡಕು ಹನ್ನೆರಡರೊಳಗಿನದ್ದು. ಹದಿಮೂರನೇ ತಾರೀಖಿನಿಂದ ಮುಂದೆ ಯಾವುದು ದಿನ, ಯಾವುದು ತಿಂಗಳು ಎಂಬ ಸಂಶಯವೇ ಇಲ್ಲ. ಹದಿಮೂರನೇ ತಿಂಗಳನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಹನ್ನೆರಡರೊಳಗೆ ಬಂದರೆ ಮಾತ್ರ ದೇವರೇ ಗತಿ. ರಿಸೆಪ್ಶನ್ನಿನ ಮಾರಿಸೆಲ್ ಮನಿಲಾದವಳು. '3/9' ಎಂದು ಬರೆದಳು. ಅವಳಿಗದು ಮಾರ್ಚ್ ಒಂಬತ್ತು. ನನ್ನ ವಾಚ್‌ಮನ್ ಅವಳನ್ನು ಸೀದಾ ಸೆಪ್ಟೆಂಬರಿಗೆ ಅಟ್ಟಿದ. ಅವಳು ದೂರು ತಂದಾಗ ನಾನು ಗತ್ತಿನಿಂದ, "ದಿನ ಮೊದಲು, ತಿಂಗಳು ಆಮೇಲೆ. ಬುದ್ಧಿ ಇರುವವರೆಲ್ಲ ಬರೆಯುವುದೇ ಹಾಗೆ" ಎಂದೆ. "ಒಂದು ಮಾತು ಕೇಳಬಹುದಿತ್ತಲ್ಲ ಸರ್" ಎಂದಳು. ಕಂಪ್ಯೂಟರು ಬಂದದ್ದೇ ಕೇಳುವ ಕಷ್ಟ ತಪ್ಪಿಸಲಿಕ್ಕೆ ಎಂದು ನನ್ನ ಸಿದ್ಧಾಂತ.

ಇಷ್ಟರಲ್ಲಿ ನನ್ನ ನಾದಿನಿಯ ಮದುವೆ ಗೊತ್ತಾಯಿತು. ನನ್ನ ಹೆಂಡತಿ ವಾಸಂತಿ ಖಲೀಫಾ ಸಿಟಿಯ ಒಂದು ಅಮೆರಿಕನ್ ಸಿಲೆಬಸ್ಸಿನ ಶಾಲೆಯಲ್ಲಿ ಟೀಚರ್. ಮಧ್ಯಾಹ್ನ ಶಾಲೆಯಿಂದಲೇ ವಾಟ್ಸಾಪ್ ಮಾಡಿದಳು: '5/6 ಮಂಗಳೂರಲ್ಲಿ ಮದುವೆ. ಈಗಲೇ ರಜೆ ಹಾಕಿ.' ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸುವ ಗಂಡ ನಾನು. ಅವಳು ಬರೆದದ್ದನ್ನೇ ಎತ್ತಿ ನನ್ನ ಖಾಲಿ ಬಾಕ್ಸಿಗೆ ಹಾಕಿದೆ. 'ಜೂನ್ 5' ಎಂದು ಹಸಿರು ಗುರುತು ಬಂತು. ರಜೆ ಮಂಜೂರು, ಕಂಪನಿ ಟಿಕೆಟೂ ತಯಾರು. ಅವಳದೂ ಮಗಳದೂ ಟಿಕೆಟನ್ನು ಅವಳ ಶಾಲೆಯವರು ಮಾಡಿಕೊಟ್ಟರು. ಮದುವೆಯ ಕಾಗದ ಒಂದು ತಿಂಗಳು ಫ್ರಿಜ್ಜಿನ ಬಾಗಿಲಿನಲ್ಲಿ ಅಂಟಿಕೊಂಡಿತ್ತು. ನಾನು ದಿನವೂ ಆ ಬಾಗಿಲು ತೆಗೆದು ನೀರು ಕುಡಿದೆ. ಹಗಲೆಲ್ಲ ಕಂಡವರ ತಾರೀಖು ಓದಿ ಸುಸ್ತಾದವನು ಮನೆಯಲ್ಲೂ ಓದುತ್ತಾನೆಯೇ?

ಮೇ ತಿಂಗಳು ಹುಟ್ಟಿದ್ದೇ ವಾಸಂತಿ ಪೆಟ್ಟಿಗೆ ತುಂಬಿಸಲು ಕೂತಳು. ಒಂದು ತಿಂಗಳು ಮೊದಲೇ ಇದೆಂಥ ಸಡಗರ ಎಂದು ನಾನು ನಗುತ್ತಿದ್ದೆ. ಮಗಳು ಬಂದು, "ಅಪ್ಪಾ, ವೇರ್ ಈಸ್ ಯುವರ್ ಸೂಟ್‌ಕೇಸ್?" ಎಂದಳು.

"ನಂದು ಜೂನಿಗಲ್ವಾ ಮಗಾ" ಎಂದೆ.

ವಾಸಂತಿಯ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. "ಮದುವೆ ಮೇ ಆರಕ್ಕೆ! ನಿಮಗೆ ಎಂತ ಆದದ್ದು ಮಾರಾಯ್ರೆ?"

ನಾನು ಮೊಬೈಲ್ ತೆರೆದು ಸಾಕ್ಷಿ ಸಮೇತ ವಾದಿಸಿದೆ. ದಿನ ಮೊದಲು, ತಿಂಗಳು ಆಮೇಲೆ ಎಂದೆ.

"ನಮ್ಮ ಶಾಲೆಯಲ್ಲಿ ತಿಂಗಳೇ ಮೊದಲು. ಇಷ್ಟು ವರ್ಷ ಒಟ್ಟಿಗಿದ್ದು ನಾನು ಹೇಗೆ ಬರೀತೇನೆ ಅಂತ ಗೊತ್ತಿಲ್ವಾ? ಅದು ಬಿಡಿ, ಜೂನಲ್ಲಿ, ಆ ಜಡಿಮಳೆಗೆ ನಮ್ಮೂರಲ್ಲಿ ಯಾರಾದ್ರೂ ಮದುವೆ ಇಡ್ತಾರಾ?"

ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಯಾವ ರೆಗ್ಯುಲರ್ ಎಕ್ಸ್‌ಪ್ರೆಶನ್ನೂ ಹೇಳಿಕೊಡಬೇಕಾಗಿರಲಿಲ್ಲ. ವಾಸಂತಿ ಕೂಗಾಡಲಿಲ್ಲ. "ತಂಗಿಗೆ ಇರುವುದು ಒಬ್ಬರೇ ಭಾವ. ಧಾರೆಯ ಹೊತ್ತಿಗೆ ನಾನು ಯಾರ ಪಕ್ಕ ನಿಲ್ಲುವುದು?" ಎಂದಳು ಅಷ್ಟೇ.

ಮರುದಿನ ಹಾನಿ ಸಾಹೇಬರ ಮುಂದೆ ನಿಂತೆ. ಅವರು ಪರದೆಯನ್ನು ನನ್ನತ್ತ ತಿರುಗಿಸಿದರು. "ಸಿಸ್ಟಮ್ ಜೂನ್ ಅನ್ನುತ್ತದೆ. ಯಾರು ಮಾಡಿದ ಸಿಸ್ಟಮ್? ನೀನು. ಮೇ ತಿಂಗಳಲ್ಲಿ ಹೊಸ ಗಿರಾಕಿಗೆ ಸೈಟ್ ಒಪ್ಪಿಸುವವರು ಯಾರು? ಅದೂ ನೀನು. ಯಲ್ಲಾ, ನಡಿ, ಕೆಲಸಕ್ಕೆ ಹೋಗು."

ಮದುವೆ ನಾನಿಲ್ಲದೆ ಸಾಂಗವಾಗಿ ನಡೆಯಿತು. ಹಿಂದಿರುಗಿದ ವಾಸಂತಿ ಫೋಟೋಗಳನ್ನು ನನ್ನ ಮುಂದಿಟ್ಟು ಅಡಿಗೆಮನೆಗೆ ಹೋದಳು. ಫೋಟೋದಲ್ಲಿ ಅವಳ ಪಕ್ಕ ಯಾರೋ ದೂರದ ಚಿಕ್ಕಪ್ಪ ನಿಂತು ನಗುತ್ತಿದ್ದರು. ನನ್ನ ಜೂನಿನ ಟಿಕೆಟು ಬದಲಾಯಿಸುವಂತಿರಲಿಲ್ಲ. "ಹೋಗಿ ಬನ್ನಿ. ಅಪ್ಪ ಅಮ್ಮನಿಗೆ ಮುಖ ತೋರಿಸಿ ಬನ್ನಿ" ಎಂದು ವಾಸಂತಿಯೇ ನನ್ನನ್ನು ಜೂನಿನಲ್ಲಿ ಒಬ್ಬನೇ ಅಟ್ಟಿದಳು.

ಹೋದೆ. ಮಾವ ನಿವೃತ್ತ ಪೋಸ್ಟ್‌ಮಾಸ್ಟರ್. ಕುರ್ಚಿ ಕೊಟ್ಟರು. ಅತ್ತೆ ಪಾಯಸ ಬಡಿಸಿ, "ಮದುವೆಯದ್ದೇ ಅಂತ ತಿಳ್ಕೊಳ್ಳಿ" ಎಂದರು. ನನ್ನನ್ನು ಕಾಣಲೆಂದೇ ಬಂದಿದ್ದ ಹೊಸ ಅಳಿಯ ವಿನಯದಿಂದ, "ಭಾವ, ಅಲ್ಲಿ ನಿಮ್ಮ ಕೆಲಸ ಎಂತದ್ದು?" ಎಂದು ಕೇಳಿದ. ಜನ ಹೇಗೆ ಬರೆದರೂ ತಾರೀಖನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವ ಪ್ರೋಗ್ರಾಂ ಬರೆಯುತ್ತೇನೆ ಎಂದೆ. ತಮಾಷೆಯೆಂದು ತಿಳಿದು ಪಾಪ, ಮನಸಾರೆ ನಕ್ಕ. ಬೇರೆ ಯಾರೂ ನಗಲಿಲ್ಲ.

ಅಷ್ಟರಲ್ಲಿ ಅಬುಧಾಬಿಯಿಂದ ವಾಸಂತಿಯ ಫೋನು. ದನಿ ಸ್ವಲ್ಪ ಬೆಚ್ಚಗಿತ್ತು. ಊಟ ಆಯ್ತಾ ಎಂದಳು, ಅಮ್ಮ ಹೇಗಿದ್ದಾರೆ ಎಂದಳು, ಕೊನೆಗೆ, "ವಾಪಸು ಯಾವತ್ತು?" ಎಂದಳು.

ನನಗೆ ಸಮಾಧಾನವಾಯಿತು. ಇನ್ನೂ ನನ್ನ ದಾರಿ ಕಾಯುತ್ತಾಳಲ್ಲ! ಉತ್ಸಾಹದಿಂದ, "ಹನ್ನೊಂದು..." ಎಂದು ಶುರುಮಾಡಿದೆ.

"ನೀವು ಹೇಳ್ಬೇಡಿ" ಎಂದಳು ವಾಸಂತಿ. "ಟಿಕೆಟನ್ನು ಅಪ್ಪನ ಕೈಗೆ ಕೊಡಿ. ಅವರು ಓದಿ ಹೇಳಲಿ."