ತಂದುಕೊಟ್ಟವರೇ ಒಯ್ಯುವಂತಿಲ್ಲ

ಅಂದು ನಡೆದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕೊಡೆ. ಆ ಕೊಡೆ ಇರಲೇ ಇಲ್ಲ ಎಂಬುದು ಬೇರೆ ಮಾತು.

ವಿಶ್ವವಿದ್ಯಾಲಯದ ಕೆಳಮಹಡಿಯಲ್ಲಿ, ಕಳೆದುಹೋಗಿ ಸಿಕ್ಕಿದ ವಸ್ತುಗಳನ್ನು ಇಡುವ ಕೋಣೆಯಲ್ಲಿ, ಜೋಪಾನ ತಾನು ಕಟ್ಟಿದ ಡೇಟಾಬೇಸನ್ನು ಸ್ಟೋರ್ ಕೀಪರಿಗೆ ಒಪ್ಪಿಸುತ್ತಿದ್ದ. ಜೋಪಾನ ಅಂದರೆ ಅಡ್ಡಹೆಸರು. ಅವನ ಅಮ್ಮ ಫೋನಿನಲ್ಲಿ ಪ್ರತಿ ಮಾತಿಗೂ "ಜೋಪಾನ ಕಣೋ" ಅನ್ನುತ್ತಿದ್ದಳು. ಅವನ ಫೋನು ಕಿವಿಗಿಟ್ಟರೆ ಕೇಳದೆ ಲೌಡ್‌ಸ್ಪೀಕರಿನಲ್ಲಷ್ಟೇ ಮಾತಾಡುವ ಜಾತಿಯದಾದ್ದರಿಂದ ಅದು ಇಡೀ ತರಗತಿಗೆ ಕೇಳಿಸುತ್ತಿತ್ತು. ಅಪ್ಪ ಅಮ್ಮ ಯೋಚಿಸಿ ಇಟ್ಟ ಹೆಸರು ಅಂದಿನಿಂದ ಹಾಜರಿಪಟ್ಟಿಯಲ್ಲಿ ಮಾತ್ರ ಉಳಿಯಿತು.

ಡೇಟಾಬೇಸ್ ವಿಷಯದಲ್ಲಿ ಜೋಪಾನ ಆಗಲೇ ಎರಡು ಸಲ ನಪಾಸಾಗಿದ್ದ. ಮೊದಲ ಸಲ ಆಸ್ಪತ್ರೆಗೆಂದು ಕಟ್ಟಿದ್ದ ಡೇಟಾಬೇಸಿನಲ್ಲಿ ರೋಗಿಯೊಬ್ಬ ದಾಖಲಾಗುವುದಕ್ಕೆ ಮೊದಲೇ ಗುಣವಾಗಿ ಮನೆಗೆ ಹೋಗಿದ್ದ. ಎರಡನೆಯ ಸಲ ಲೈಬ್ರರಿಗೆಂದು ಕಟ್ಟಿದ್ದರಲ್ಲಿ ಒಂದೇ ಪುಸ್ತಕವನ್ನು ಇಡೀ ಊರು ಒಟ್ಟಿಗೆ ಎರವಲು ಒಯ್ದಿತ್ತು. "ನಿಯಮ ಹಾಕೋದು ಕಲಿಯಪ್ಪ," ಎಂದಿದ್ದರು ಮೇಡಂ, "ಟೇಬಲ್ಲಲ್ಲಿ ನಿಯಮ ಇಲ್ಲದಿದ್ರೆ ಅದು ಡೇಟಾಬೇಸ್ ಅಲ್ಲ, ಸಂತೆ." ಮೇಡಂ ಅವರದು ಇನ್ನೊಂದು ಮಾತೂ ಇತ್ತು. ಟೇಬಲ್ಲಿನಲ್ಲಿ, ಅಂದರೆ ದಾಖಲೆಯ ಪಟ್ಟಿಯಲ್ಲಿ, ಇಲ್ಲದ್ದು ನಡೆದೇ ಇಲ್ಲ. ಈ ಎರಡನ್ನೂ ಜೋಪಾನ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದ.

ಮೂರನೆಯ ಸಲವೂ ನಪಾಸಾದರೆ ಹಿಂದಿನ ವರ್ಷದವರ ಜೊತೆ ಕೂತು ಎಲ್ಲವನ್ನೂ ಮೊದಲಿನಿಂದ ಓದಬೇಕಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಹಿಂದಿನ ವರ್ಷದ ತರಗತಿಯಲ್ಲಿ ಅವನ ಸ್ವಂತ ತಂಗಿ ಇದ್ದಳು. ಅವಳ ಪಕ್ಕದ ಬೆಂಚಿನಲ್ಲಿ ಕೂರುವುದು ಮಾತ್ರ ಅವನಿಂದ ಆಗುವ ಮಾತಲ್ಲ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಜೋಪಾನ ಈ ಸಲ ನಿಯಮದ ಮೇಲೆ ನಿಯಮ ಹೇರಿದ್ದ. ಮೊದಲನೆಯದು ಸ್ಟೋರ್ ಕೀಪರೇ ಕೇಳಿ ಹಾಕಿಸಿಕೊಂಡದ್ದು. ಹುಡುಗರು ಬೆಳಿಗ್ಗೆ ತಮ್ಮದೇ ಹೆಲ್ಮೆಟ್ಟು, ಬ್ಯಾಗು ತಂದು "ಸಾರ್, ದಾರೀಲಿ ಸಿಕ್ತು" ಎಂದು ಕೊಟ್ಟು ಹೋಗಿ, ಸಂಜೆ ಬಂದು "ಸಾರ್, ನಂದು ಕಳೆದಿತ್ತು" ಎಂದು ಒಯ್ಯುತ್ತಿದ್ದರು. ಬಿಟ್ಟಿ ಕಾವಲು ಕಾದು ಕಾದು ಅವರು ರೋಸಿಹೋಗಿದ್ದರು. ಅದಕ್ಕಾಗಿ ತಂದುಕೊಟ್ಟವರೇ ಒಯ್ಯುವಂತಿಲ್ಲ ಎಂಬ ನಿಯಮ. ಎರಡನೆಯದು, ಹೆಸರಿರುವ ವಸ್ತುವನ್ನು ಆ ಹೆಸರಿನವರಿಗಲ್ಲದೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಮೂರನೆಯದು, ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ಅಧ್ಯಾಪಕರಿಗೆ ಮಾತ್ರ ಒಂದು ರಿಯಾಯಿತಿ: ಅವರ ವಸ್ತುವನ್ನು ಅವರಿದ್ದಲ್ಲಿಗೇ ಒಯ್ದು ತಲುಪಿಸತಕ್ಕದ್ದು. ಮೇಡಂ ದಿನಕ್ಕೊಮ್ಮೆ ಕನ್ನಡಕ ಕಳೆದುಕೊಳ್ಳುತ್ತಿದ್ದುದರಿಂದ ಇದು ಅನಿವಾರ್ಯವಾಗಿತ್ತು.

"ಈಗ ಒಂದು ಎಂಟ್ರಿ ಹಾಕಿ ನೋಡೋಣ ಸಾರ್," ಎಂದ ಜೋಪಾನ. "ಒಂದು ಕೊಡೆ ಸಿಕ್ಕಿತು ಅಂತ ಬರ್ಕೊಳ್ಳಿ."

"ಎಲ್ಲಿದೆ ಕೊಡೆ?"

"ಕೊಡೆ ಇಲ್ಲ ಸಾರ್. ಸುಮ್ನೆ ಪರೀಕ್ಷೆಗೆ."

ಸ್ಟೋರ್ ಕೀಪರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಲ್ಲದ ಕೊಡೆ ನನ್ನ ಲೆಕ್ಕಕ್ಕೆ ಬರಲ್ಲಪ್ಪ. ನಾಳೆ ಆಡಿಟ್‌ನವರು ಬಂದು ಕೊಡೆ ತೋರ್ಸಿ ಅಂದ್ರೆ ನಾನೇನು ಹೊಲಿದು ಕೊಡ್ಲಾ? ನಿಜವಾದ ವಸ್ತು ಇದ್ರೆ ಕೊಡು."

ಜೋಪಾನ ಜೇಬು ತಡವಿದ. ಕೈಗೆ ಬಂದದ್ದು ಗುರುತಿನ ಕಾರ್ಡು. ಅದನ್ನೇ ಕೊಟ್ಟು, ತಂದುಕೊಟ್ಟವರ ಜಾಗದಲ್ಲಿ ತನ್ನ ಹೆಸರನ್ನು ತಾನೇ ಶ್ರದ್ಧೆಯಿಂದ ಟೈಪು ಮಾಡಿದ. ಯಂತ್ರ ಒಂದು ಚೀಟಿ ಉಗುಳಿತು. ಸ್ಟೋರ್ ಕೀಪರು ಅದನ್ನು ಕಾರ್ಡಿಗೆ ಅಂಟಿಸಿ, ಗಾಜಿನ ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗವನ್ನು ಜಗ್ಗಿ ನೋಡಿದರು.

"ಚೆನ್ನಾಗಿದೆ," ಎಂದರು.

"ಈಗ ವಾಪಸ್ ಕೊಡಿ ಸಾರ್."

ಸ್ಟೋರ್ ಕೀಪರು ಒಂದೊಂದೇ ಬೆರಳಿನಲ್ಲಿ ಒತ್ತಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ತಂದುಕೊಟ್ಟವರೇ ಒಯ್ಯುವಂತಿಲ್ಲ.

"ಕೆಲಸ ಮಾಡ್ತದಲ್ಲಯ್ಯ," ಎಂದು ಸ್ಟೋರ್ ಕೀಪರು ಮೊದಲ ಬಾರಿಗೆ ಮೆಚ್ಚಿ ನಕ್ಕರು.

ಜೋಪಾನನೂ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಅವನೊಬ್ಬನೇ ನಗು ನಿಲ್ಲಿಸಿದ. ಮಧ್ಯಾಹ್ನ ಇದೇ ಡೇಟಾಬೇಸಿನ ಮೌಖಿಕ ಪರೀಕ್ಷೆ. ಗುರುತಿನ ಕಾರ್ಡು ಇಲ್ಲದವರನ್ನು ಲ್ಯಾಬಿನ ಬಾಗಿಲೊಳಗೆ ಬಿಡುವುದಿಲ್ಲ.

"ಸಾರ್, ಅದು ನಂದೇ ಕಾರ್ಡು. ಫೋಟೊ ನೋಡಿ."

"ನಿಂದೇ. ನಾನಿಲ್ಲ ಅಂದ್ನಾ? ಆದ್ರೆ ಇವತ್ತಿಂದ ಬಾಯಿಮಾತಿಗೆ ಕೊಡೋ ಹಾಗಿಲ್ಲ. ನೀನೇ ತಾನೆ ಬರೆದು ಅಂಟಿಸಿದ್ದು?" ಗೋಡೆಯ ಮೇಲೆ ಅಂಟು ಇನ್ನೂ ಒಣಗದ ಸೂಚನೆಯೊಂದಿತ್ತು. ಅಕ್ಷರ ಜೋಪಾನನದೇ.

ನಿಯಮ ಸಡಿಲಿಸುವ ಪಾಸ್‌ವರ್ಡನ್ನು ಅವನು ಬೆಳಿಗ್ಗೆಯೇ ಮೇಡಂ ಕೈಗೆ ಕೊಟ್ಟು ಬಂದಿದ್ದ. ಕಟ್ಟಿದವನ ಹತ್ತಿರ ಬೀಗದ ಕೈ ಇರಬಾರದು ಎಂಬುದು ಅವರ ಕಟ್ಟಪ್ಪಣೆ. ಮೇಡಂ ಈಗ ಹೊರಗಿನಿಂದ ಬಂದ ಪರೀಕ್ಷಕರ ಜೊತೆ ಲ್ಯಾಬಿನೊಳಗಿದ್ದರು. ಲ್ಯಾಬಿನೊಳಗೆ ಹೋಗಲು ಕಾರ್ಡು ಬೇಕು.

ರೂಮ್‌ಮೇಟು ಜೋಪಾನನ ಫೋನು ಬಂದ ಕೂಡಲೇ ಓಡಿಬಂದ. ಅವನು ಯಾರ ಕಷ್ಟಕ್ಕಾದರೂ ಸಲಹೆ ಹೊತ್ತು ಬರುವವನು. ತನ್ನ ಕಷ್ಟಕ್ಕೆ ಮಾತ್ರ ಯಾರನ್ನೂ ಕೇಳುವವನಲ್ಲ, ಆದ್ದರಿಂದಲೇ ಅವನೂ ಎರಡು ವಿಷಯ ಪಾಸಾಗದೆ ಉಳಿಸಿಕೊಂಡಿದ್ದ. "ತಂದುಕೊಟ್ಟೋನು ತಗೊಂಡು ಹೋಗ್ಬಾರದು ಅಷ್ಟೇ ತಾನೆ? ನಾನು ತಗೋತೀನಿ ಬಾ," ಎಂದು ಕಿಟಕಿಗೆ ಹೋಗಿ, "ಸಾರ್, ನನ್ನ ಕಾರ್ಡು ಕಳೆದಿತ್ತು," ಎಂದ.

ಪರದೆ ಕೇಳಿತು, ಹೆಸರು? ಅವನು ಗಾಬರಿಯಲ್ಲಿ ತನ್ನದೇ ಹೆಸರು ಹೇಳಿದ. ಕೆಂಪಕ್ಷರ ಬಂತು. ಈಗ ಆ ದಾಖಲೆಯ ಕೆಳಗೆ 'ಸುಳ್ಳು ಹಕ್ಕುದಾರ' ಎಂದು ಅವನ ಹೆಸರೂ ಸೇರಿತು. ಅಳಿಸುವಂತಿಲ್ಲ. ರೂಮ್‌ಮೇಟು ಜೋಪಾನನನ್ನು ದುರುಗುಟ್ಟಿ ನೋಡಿ, "ಎಂಥಾ ಡೇಟಾಬೇಸ್ ಕಟ್ಟಿದೀಯೋ ಮಾರಾಯ," ಎಂದು ಹೊರಟುಹೋದ.

ಜೋಪಾನ ಆಫೀಸಿಗೆ ಓಡಿದ. ಗುಮಾಸ್ತರು ತಲೆ ಎತ್ತದೆ ಹೇಳಿದರು, "ಡೂಪ್ಲಿಕೇಟ್ ಕಾರ್ಡು ಕೊಡಬಹುದು. ಕಳೆದುಹೋಗಿರಬೇಕು."

"ಕಳೆದುಹೋದ ಹಾಗೇ ಸಾರ್."

"ಹಾಗೇ ಅಂದ್ರೆ ಆಗಲ್ಲ. ಸಿಕ್ಕಿಲ್ಲ ಅಂತ ಸ್ಟೋರಿಂದ ಬರೆಸ್ಕೊಂಡು ಬಾ. ಅಯ್ಯೋ ಇರು, ಈಗೆಲ್ಲ ಕಂಪ್ಯೂಟರಲ್ಲೇ ಬರ್ತದಂತಲ್ಲ." ಒತ್ತಿ ನೋಡಿದ ಗುಮಾಸ್ತರ ಮುಖ ಅರಳಿತು. "ನಿನ್ನ ಕಾರ್ಡು ಸಿಕ್ಕಿದೆಯಪ್ಪ. ಸುರಕ್ಷಿತವಾಗಿದೆ. ಯಾರೋ ಪುಣ್ಯಾತ್ಮರು ತಂದುಕೊಟ್ಟಿದಾರೆ. ಹೋಗು, ಅವರಿಗೊಂದು ಥ್ಯಾಂಕ್ಸ್ ಹೇಳು."

ಥ್ಯಾಂಕ್ಸ್ ಹೇಳುವ ಸ್ಥಿತಿಯಲ್ಲಿ ಜೋಪಾನ ಇರಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಹಳೆಯ ಕತೆ. ಇವನು ಬಿದ್ದ ಮೇಲೆ ಒಳಗಿನಿಂದ ಚಿಲಕವನ್ನೂ ಹಾಕಿಕೊಂಡಿದ್ದ. ಮೆಟ್ಟಿಲಿನ ಕೆಳಗೆ, ಮುರಿದ ಕುರ್ಚಿಗಳನ್ನು ಒಟ್ಟಿದ್ದಲ್ಲಿ, ತಲೆಯ ಮೇಲೆ ಕೈಹೊತ್ತು ಕೂತ. ಅವನಿಗೆ ನಿಜವಾಗಿ ಅಳು ಬರುತ್ತಿತ್ತು.

ಅಲ್ಲಿಗೆ ಬಂದವಳು ತಂಗಿ. ಎಲ್ಲವನ್ನೂ ಕೇಳಿ ಪೆನ್ಸಿಲಿನ ತುದಿ ಕಚ್ಚಿದಳು.

"ನೀನು ನನ್ನ ಕ್ಲಾಸಿಗೆ ಬರೋದು ನಂಗೂ ಬೇಡ ಅಣ್ಣ. ಫ್ರೆಂಡ್ಸಿಗೆಲ್ಲ ನೀನು ಟಾಪರ್ ಅಂತ ಹೇಳಿಟ್ಟಿದೀನಿ," ಎಂದಳು. ಆಮೇಲೆ ಕೇಳಿದಳು, "ಲ್ಯಾಬಿನೊಳಗೆ ಕಾರ್ಡಿಲ್ಲದೆ ಏನೇನು ಹೋಗ್ತದೆ?"

"ಮನುಷ್ಯರು ಯಾರೂ ಹೋಗಲ್ಲ. ಕುರ್ಚಿ, ಪೇಪರ್ ಬಂಡಲು, ಮೇಡಂ ಕನ್ನಡಕ."

"ಕನ್ನಡಕ ಹೇಗೆ ಹೋಗ್ತದೆ?"

"ಸ್ಟೋರಿನ ಚೀಟಿ ಇದ್ರೆ ಬಿಡ್ತಾರೆ. ಅಧ್ಯಾಪಕರ ವಸ್ತು ಅವರಿದ್ದಲ್ಲಿಗೇ ತಲುಪಿಸಬೇಕಲ್ಲ."

"ಎದ್ದೇಳು," ಎಂದಳು ತಂಗಿ.

ಅವಳು ಅಣ್ಣನ ತೋಳು ಹಿಡಿದು ಸ್ಟೋರಿನ ಕಿಟಕಿಗೆ ಎಳೆದೊಯ್ದಳು. "ಸಾರ್, ಇದು ಮೆಟ್ಟಿಲ ಕೆಳಗೆ ಸಿಕ್ತು."

ಸ್ಟೋರ್ ಕೀಪರು 'ಇದ'ನ್ನು ಮೇಲಿಂದ ಕೆಳಗೆ ನೋಡಿದರು. "ಇದು ಹುಡುಗ ಅಲ್ವೇನಮ್ಮ?"

"ಡೇಟಾಬೇಸಲ್ಲಿ ಹುಡುಗ ಬೇಡ ಅಂತ ನಿಯಮ ಇದೆಯಾ ಸಾರ್?"

ಇರಲಿಲ್ಲ. ವಸ್ತು ಯಾವುದು ಎಂಬ ಜಾಗದಲ್ಲಿ ಏನನ್ನು ಬೇಕಾದರೂ ಬರೆಯಬಹುದಿತ್ತು. ಅಷ್ಟೊಂದು ನಿಯಮ ಹಾಕಿದವನಿಗೆ ಆ ಒಂದು ಹೊಳೆದಿರಲಿಲ್ಲ. ಸ್ಟೋರ್ ಕೀಪರು ಗಟ್ಟಿಯಾಗಿ ಓದಿಕೊಳ್ಳುತ್ತ ಟೈಪು ಮಾಡಿದರು. "ವಸ್ತು, ವಿದ್ಯಾರ್ಥಿ. ಬಣ್ಣ, ನೀಲಿ ಗೆರೆ. ಸ್ಥಿತಿ... ಏನಂತ ಹಾಕ್ಲಿ?"

"ಉಪಯೋಗಿಸಿದ್ದು ಅಂತ ಹಾಕಿ ಸಾರ್."

"ಯಾರಿಗೆ ಸೇರಿದ್ದು?"

"ಡೇಟಾಬೇಸ್ ಮೇಡಂಗೆ. ಅವರ ವಿದ್ಯಾರ್ಥಿ ತಾನೆ?"

ಯಂತ್ರ ತಕರಾರಿಲ್ಲದೆ ಚೀಟಿ ಕೊಟ್ಟಿತು. ಯಂತ್ರವೇ ಒಪ್ಪಿದ ಮೇಲೆ ತನ್ನದೇನಿದೆ ಎಂದು ಸ್ಟೋರ್ ಕೀಪರು ಅದನ್ನು ಜೋಪಾನನ ಅಂಗಿಯ ಜೇಬಿಗೆ ಅಂಟಿಸಿ, ಕೋಣೆಗೆ ಬೀಗ ಹಾಕಿ, ವಸ್ತುವನ್ನು ಮುಂದೆ ಬಿಟ್ಟುಕೊಂಡು ಹೊರಟರು.

ಲ್ಯಾಬಿನ ಬಾಗಿಲಲ್ಲಿ ಸೂಪರ್‌ವೈಸರು ಎರಡು ರಿಜಿಸ್ಟರು ಹರಡಿಕೊಂಡು ಕೂತಿದ್ದರು, ಒಂದು ವಿದ್ಯಾರ್ಥಿಗಳಿಗೆ, ಇನ್ನೊಂದು ಸರಕಿಗೆ. ಜೋಪಾನನನ್ನು ಕಂಡು, "ಕಾರ್ಡು?" ಎಂದರು.

"ಕಾರ್ಡಿಲ್ಲ. ಚೀಟಿ ಇದೆ," ಎಂದರು ಸ್ಟೋರ್ ಕೀಪರು.

ಸೂಪರ್‌ವೈಸರು ಚೀಟಿ ಓದಿದರು. ಹುಡುಗನನ್ನು ನೋಡಿದರು. ಮತ್ತೆ ಚೀಟಿ ಓದಿದರು. ಮೂವತ್ತು ವರ್ಷ ಬಾಗಿಲು ಕಾದ ಮನುಷ್ಯ, ಚೀಟಿ ಸರಿಯಿದ್ದರೆ ಸರಕಿನ ಉಸಾಬರಿ ತಮಗೆ ಬೇಡ ಎಂದು ಕಲಿತಿದ್ದರು. ಸರಕಿನ ರಿಜಿಸ್ಟರಿನಲ್ಲಿ ಬರೆದುಕೊಂಡು ಒಳಗೆ ಬಿಟ್ಟರು. ಮೇಡಂ ಅಂದೂ ಕನ್ನಡಕ ಕಳೆದುಕೊಂಡಿದ್ದರು. ಸ್ಟೋರಿನ ಚೀಟಿ ಎಂದಕೂಡಲೇ, "ಅಬ್ಬ, ಸಿಕ್ತಾ," ಎಂದು ಸರಕಿನ ರಿಜಿಸ್ಟರಿಗೆ ಓದದೆ ಸಹಿ ಹಾಕಿದರು.

ಆಮೇಲಿನ ಅರ್ಧ ಗಂಟೆ ಜೋಪಾನನ ಬಾಳಿನ ಅತ್ಯಂತ ಸುಖದ ಅರ್ಧ ಗಂಟೆ. ಪರೀಕ್ಷಕರು ಕಳ್ಳನ ಹಾಗೆ ಬಂದು ಕೇಳಿದರು, ಮರೆಗುಳಿಯ ಹಾಗೆ ಬಂದು ಕೇಳಿದರು, ಕುಲಪತಿಗಳ ಭಾವಮೈದುನನ ಹಾಗೆ ಬಂದು ಜೋರು ಮಾಡಿದರು. ಡೇಟಾಬೇಸು ಯಾರಿಗೂ ಒಂದು ಗುಂಡುಸೂಜಿಯನ್ನೂ ಬಿಟ್ಟುಕೊಡಲಿಲ್ಲ. ಕೊನೆಗೆ ಜೋಪಾನ ಗುಂಡಿಗೆ ಗಟ್ಟಿ ಮಾಡಿಕೊಂಡು, ತನ್ನ ಕಾರ್ಡು ತನಗೇ ಸಿಗದ ಕತೆಯನ್ನೂ ಹೇಳಿದ. ತಾನು ಒಳಗೆ ಬಂದ ದಾರಿಯ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

"ಕಟ್ಟಿದವನಿಗೇ ಬಗ್ಗದ ಡೇಟಾಬೇಸು," ಎಂದರು ಪರೀಕ್ಷಕರು ಭಾವುಕರಾಗಿ. "ನನ್ನ ಸರ್ವೀಸಲ್ಲೇ ನೋಡಿರಲಿಲ್ಲ." ಒಂದಕ್ಷರವನ್ನೂ ಬದಲಿಸದೆ ಇದನ್ನು ಉಳಿಸಿಕೊಳ್ಳತಕ್ಕದ್ದು ಎಂದು ವರದಿಯಲ್ಲಿ ಬರೆದು, ಸಹಿ ಹಾಕಿ, ನೂರಕ್ಕೆ ತೊಂಬತ್ತೆಂಟು ಕೊಟ್ಟರು. ಎರಡು ಅಂಕ ಹೋದದ್ದು ಜೇಬಿನ ಮೇಲೆ ಏನೋ ಚೀಟಿ ಅಂಟಿಸಿಕೊಂಡು ಬಂದ ಅಶಿಸ್ತಿಗೆ.

ಮೇಡಂ ಸಂತೋಷದಿಂದ ಅಂಕ ತುಂಬಲು ಕೂತರು. ಅಂಕಗಳ ಡೇಟಾಬೇಸು ಅವರೇ ಕಟ್ಟಿದ್ದು. ಅದು ತೊಂಬತ್ತೆಂಟನ್ನು ನುಂಗದೆ ಹೊರಗುಗುಳಿತು. ಅಭ್ಯರ್ಥಿ ಗೈರುಹಾಜರು. ಗೈರುಹಾಜರಾದವರಿಗೆ ಅಂಕವಿಲ್ಲ.

ಸೂಪರ್‌ವೈಸರನ್ನು ಕರೆಸಿದರು. ಅವರು ಎರಡೂ ರಿಜಿಸ್ಟರು ತೆರೆದು ತೋರಿಸಿದರು. "ಕಾರ್ಡು ತೋರಿಸಿದವರ ಪೈಕಿ ಇವನಿಲ್ಲ ಮೇಡಂ. ಇವನು ಸರಕಲ್ಲಿದ್ದಾನೆ. ಸಹಿ ನಿಮ್ಮದೇ."

ಮೇಡಂ ಪರೀಕ್ಷಕರ ಕನ್ನಡಕ ಕೇಳಿ ಪಡೆದು ಚೀಟಿ ಓದಿದರು. ಬಹಳ ಹೊತ್ತು ಓದಿದರು. "ಇಂಥದ್ದೊಂದನ್ನ ನಾನು ಕಳ್ಕೊಂಡಿರ್ಲಿಲ್ಲ," ಎಂದರು.

"ಮೇಡಂ, ನಾನು ಇಲ್ಲೇ ನಿಂತಿದೀನಲ್ಲ," ಎಂದ ಜೋಪಾನ.

"ನಿಂತಿದೀಯ. ಆದ್ರೆ ಟೇಬಲ್ಲಲ್ಲಿ ಇಲ್ವಲ್ಲಪ್ಪ." ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ಲ್ಯಾಬು ಮುಚ್ಚೋದ್ರೊಳಗೆ ಕಾರ್ಡು ತಂದು ತೋರ್ಸು, ಹಾಜರಿ ಹಾಕಿಸ್ತೀನಿ."

"ಪಾಸ್‌ವರ್ಡು ನಿಮ್ಮ ಹತ್ರ ಇದೆ ಮೇಡಂ. ಆ ಒಂದು ನಿಯಮ ಸಡಿಲ ಮಾಡಿ."

ಮೇಡಂ ಪರೀಕ್ಷಕರ ಕಡೆ ನೋಡಿದರು. ಪರೀಕ್ಷಕರು ತಮ್ಮ ವರದಿಯ ಕಡೆ ನೋಡಿದರು. ಶಾಯಿ ಒಣಗಿತ್ತು.

ಸಂಜೆ ಅಣ್ಣ ತಂಗಿ ಸ್ಟೋರಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಕಿಟಕಿಯಾಚೆ, ಗಾಜಿನ ಬೀರುವಿನೊಳಗೆ ಕಾರ್ಡಿನ ಫೋಟೊ ಯಾವ ಚಿಂತೆಯೂ ಇಲ್ಲದೆ ನಗುತ್ತಿತ್ತು. ಫೋನು ರಿಂಗಾಯಿತು. ಅಮ್ಮ.

"ಏನಾಯ್ತೋ ಪರೀಕ್ಷೆ?"

ಜೋಪಾನ ಫೋನನ್ನು ತಂಗಿಯ ಕಡೆ ಚಾಚಿದ. ತಂಗಿಯೇ ಹೇಳಿದಳು, "ನೂರಕ್ಕೆ ತೊಂಬತ್ತೆಂಟು ಅಮ್ಮ. ಆದ್ರೆ ಇವನು ಬಂದಿರ್ಲಿಲ್ಲ ಅಂತ ಬರ್ಕೊಂಡಿದಾರೆ."

ಲೌಡ್‌ಸ್ಪೀಕರಿನಲ್ಲಿ ಅಮ್ಮನ ಹೆಮ್ಮೆ ಕಾರಿಡಾರಿನ ಉದ್ದಕ್ಕೂ ಕೇಳಿತು. "ಹೋಗದೇನೇ ತೊಂಬತ್ತೆಂಟು ಬಂತಾ? ಹೋಗಿದ್ರೆ ಇನ್ನೆಷ್ಟು ಬರ್ತಿತ್ತೋ. ಸರಿ, ಜೋಪಾನ ಕಣೋ."

ಫೋನು ಕಟ್ಟಾಯಿತು. ಸ್ಟೋರ್ ಕೀಪರು ಕಿಟಕಿ ಮುಚ್ಚಿ, ಬೀಗ ಜಗ್ಗಿ ನೋಡಿ, ಇಬ್ಬರಿಗೂ ನಮಸ್ಕಾರ ಹೇಳಿ ಹೊರಟರು.

"ಅಣ್ಣ, ಒಂದು ಮಾತು," ಎಂದಳು ತಂಗಿ ಪೆನ್ಸಿಲನ್ನು ಚೀಲಕ್ಕೆ ಸೇರಿಸುತ್ತ. "ನಮ್ಮ ಕ್ಲಾಸಲ್ಲಿ ಕಿಟಕಿ ಪಕ್ಕದ ಜಾಗ ನಂದು. ಅದನ್ನ ಮಾತ್ರ ಕೇಳ್ಬೇಡ."