ಅಮಾವಾಸ್ಯೆಯ ಗುಡ್ಡಕ್ಕೆ ಫ್ಲ್ಯಾಶ್ ಹೊಡೆದದ್ದು

ನನ್ನ ಬಳಿ ಒಂದು ಒಳ್ಳೆಯ ಕ್ಯಾಮೆರಾ ಇದೆ ಎಂದು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಅದರಲ್ಲಿ ತೆಗೆದ ಫೋಟೋ ತೋರಿಸಿ ಎಂದು ಯಾರಾದರೂ ಕೇಳಿದಾಗ ಮಾತ್ರ ಮಾತು ಬದಲಿಸುತ್ತೇನೆ. ಅದನ್ನು ಕೊಂಡು ಎರಡು ವರ್ಷವಾಯಿತು. ಅದರ ಮೈಮೇಲಿರುವ ಗುಂಡಿಗಳಲ್ಲಿ ನನಗೆ ಧೈರ್ಯವಾಗಿ ಒತ್ತಲು ಬರುವುದು ಒಂದೇ. ನಾದಿನಿಯ ಮಗನ ತೊಟ್ಟಿಲ ಕಾರ್ಯಕ್ರಮದಲ್ಲಿ ಅದನ್ನೇ ಒತ್ತಿ ಒತ್ತಿ ಇನ್ನೂರು ಫೋಟೋ ತೆಗೆದಿದ್ದೆ. ಸೀರೆಗಳು, ಬಳೆಗಳು, ತೊಟ್ಟಿಲು ಎಲ್ಲ ಬಂದಿದ್ದವು. ಮುಕ್ಕಾಲು ಪಾಲು ಜನರಿಗೆ ತಲೆಯೇ ಇರಲಿಲ್ಲ. ನನ್ನ ಹೆಂಡತಿ ಒಂದೊಂದನ್ನೂ ಸಾವಕಾಶವಾಗಿ ನೋಡಿ, "ತಲಿ ಇದ್ದವ್ರ ಕೈಯಾಗ ಕೊಟ್ಟಿದ್ರ ತಲಿ ಬರ್ತಿದ್ವು" ಎಂದಳು. ಅಂದಿನಿಂದ ಕ್ಯಾಮೆರಾ ಕಪಾಟಿನಲ್ಲಿ ಅವಳ ಪಟ್ಟೆ ಸೀರೆಗಳ ಜೊತೆ ಮರ್ಯಾದೆಯಿಂದ ಇತ್ತು.

ಅದನ್ನು ಕಪಾಟಿನಿಂದ ಹೊರಗೆ ತೆಗೆಸಿದವನು ಶರಣಪ್ಪ. ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಫೋಟೋ ಸ್ಟುಡಿಯೋ. ನಾನು ದಿನಾ ಗೋಗಿಯ ಶಾಲೆಗೆ ಪಾಠ ಹೇಳಲು ಹೋಗುವವನು. ಆಟೋ ತುಂಬುವ ತನಕ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೂತು ಸ್ನೇಹಿತನಾದೆ. ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೆದವನು ಅವನು. ಮದುಮಗಳು ಯಾವ ಗಳಿಗೆಯಲ್ಲಿ ಅಳುತ್ತಾಳೆಂಬುದು ಅವಳ ತಾಯಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಆ ಕಣ್ಣನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಮತ್ತು ಗೌರವ ಎರಡೂ ಒಟ್ಟಿಗೇ ಹುಟ್ಟುತ್ತವೆ. ಈಗ ಅವನು ಅಂಗಡಿಯನ್ನು ದೊಡ್ಡ ಜಾಗಕ್ಕೆ ಬದಲಿಸುತ್ತಿದ್ದ. ಮುಂದಿನ ಗೋಡೆಗೆ ಒಂದೇ ಒಂದು ದೊಡ್ಡ ಫೋಟೋ ಬೇಕೆಂದು ಹಟ ಹಿಡಿದಿದ್ದ: ನಮ್ಮ ಊರ ಗುಡ್ಡ, ಅದೂ ಕತ್ತಲಲ್ಲಿ, ಬರೀ ಫ್ಲ್ಯಾಶಿನ ಬೆಳಕಿನಲ್ಲಿ. "ಹಗಲಿನಾಗ ಗುಡ್ಡ ಎಲ್ಲಾರಿಗೂ ಕಾಣ್ತೈತಿ ಮಾಸ್ತರ. ರಾತ್ರಿ ನಾವು ತೋರಿಸಿದಷ್ಟ ಕಾಣಬೇಕು" ಎಂದ. ಆಮೇಲೆ, "ಇಪ್ಪತ್ತು ವರ್ಷ ಮಂದಿ ಹೇಳಿದ್ದ ತಗದೀನಿ. ಒಂದರ ನಂದು ಇರ್ಲಿ" ಎಂದ. ಇಂಥ ಮಾತಿಗೆ ಇಲ್ಲ ಅನ್ನುವ ಶಕ್ತಿ ನನಗಿಲ್ಲ. ನಾವು ಗುಡ್ಡಕ್ಕೆ ಹೋದ ಮಾರನೆಯ ದಿನ ಬೆಳಿಗ್ಗೆಯೇ ಫೋಟೋ ಪ್ರಿಂಟಿಗೆ ಹೋಗಲೇಬೇಕಿತ್ತು, ಇಲ್ಲವಾದರೆ ಅಂಗಡಿ ಬರೀ ಗೋಡೆಯೊಂದಿಗೆ ಶುರುವಾಗಬೇಕು. ಅವನ ಕ್ಯಾಮೆರಾ ಹಳೆಯದು, ಕತ್ತಲೆಗೆ ತಡೆಯುವುದಿಲ್ಲ. ಹೀಗಾಗಿ ಕ್ಯಾಮೆರಾ ನನ್ನದು, ಫ್ಲ್ಯಾಶ್ ಅವನದು, ಬುದ್ಧಿಯೂ ಅವನದೇ.

ಹೋದ ದಿನ ಅಮಾವಾಸ್ಯೆ. ಚಂದ್ರನ ಕಾಟ ಇರಬಾರದೆಂದು ಶರಣಪ್ಪ ಅದನ್ನು ಒಳ್ಳೆಯ ದಿನ ಎಂದ. ನನ್ನ ಹೆಂಡತಿಯ ಲೆಕ್ಕ ಬೇರೆ ಇತ್ತು. "ಅಮಾಸಿ ದಿನ ಗುಡ್ಡಕ್ಕ ಹೋಗವ್ರು ಮಂತ್ರಗಾರ್ರು, ಇಲ್ಲಾಂದ್ರ ಕಳ್ಳರು. ನೀವು ಯಾರ ಪೈಕಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಅಂಗಿಯ ಜೇಬಿಗೆ ರಕ್ಷಣೆಗೆಂದು ಒಂದು ನಿಂಬೆಹಣ್ಣು ತುರುಕಿದಳು.

ಕತ್ತಲಾಗುತ್ತಲೇ ಗುಡ್ಡದ ಬುಡ ಸೇರಿದೆವು. ಕೆಲಸ ಹೀಗೆ: ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಶರಣಪ್ಪ ಅದರ ಕಣ್ಣು ತೆರೆದಿಟ್ಟುಕೊಂಡು ಕಾಯುತ್ತಾನೆ. ನಾನು ಫ್ಲ್ಯಾಶ್ ಕೈಯಲ್ಲಿ ಹಿಡಿದು ಕತ್ತಲಲ್ಲೇ ಬಂಡೆಯಿಂದ ಬಂಡೆಗೆ ಹೋಗಿ ಒಂದೊಂದಕ್ಕೂ ಬೆಳಕು ಹೊಡೆಯುತ್ತೇನೆ. ಏಳು ಬಂಡೆ, ಏಳು ಬೆಳಕು, ಎಲ್ಲ ಸೇರಿ ಒಂದೇ ಫೋಟೋ. ಕೇಳಲು ಎಷ್ಟು ಸಲೀಸು! ಮೊದಲ ಸಲ ನಾನು "ಹೊಡೀಲೇನು?" ಎಂದು ಕೇಳಲು ಅವನ ಕಡೆ ತಿರುಗಿ, ತಿರುಗಿದ ಭರದಲ್ಲೇ ಗುಂಡಿ ಒತ್ತಿಬಿಟ್ಟೆ. ಮಾತಾಡುವಾಗ ಎದುರಿನವರ ಮುಖ ನೋಡುವುದು ಮಾಸ್ತರಿಕೆಯ ಚಟ. ಫೋಟೋ ಪೂರ್ತಿ ಬೆಳ್ಳಗಾಯಿತು. ಎರಡನೆಯ ಸಲ ಮರೆಯದೆ ಬಂಡೆಗೇ ಹೊಡೆದೆ. ಆದರೆ ನಾನು ತೊಟ್ಟದ್ದು ಶಾಲೆಯ ಬಿಳಿ ಅಂಗಿ. ಪರದೆಯ ಮೇಲೆ ನೋಡಿದರೆ ಗುಡ್ಡದ ತುಂಬ ನಾನೇ ನಿಂತಿದ್ದೆ, ಒಟ್ಟು ಏಳು ಜನ. ಒಬ್ಬೊಬ್ಬನ ಹೊಟ್ಟೆಯೊಳಗಿಂದಲೂ ಬಂಡೆ ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಶರಣಪ್ಪ ಪರದೆಗೆ ಬಗ್ಗಿ ನೋಡಿ, "ಮಾಸ್ತರ, ನೀವು ಭಾಳ ಕಡೆ ಅದೀರಿ" ಎಂದಷ್ಟೇ ಹೇಳಿದ. ಆಮೇಲೆ ಫ್ಲ್ಯಾಶನ್ನು ಕಿವಿಗೆ ಹಿಡಿದು ಅದರ ಕುಂಯ್‌ಗುಟ್ಟುವಿಕೆ ಕೇಳಿ, "ಸೆಲ್ ಇಳದಾವ. ಇನ್ನೊಂದು ಸರ್ತಿ ಅಷ್ಟ" ಎಂದ. ಅವನ ಧ್ವನಿಯೂ ಸ್ವಲ್ಪ ಇಳಿದಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಆಗಲೇ ಕೆಳಗಿನಿಂದ ಒಂದು ಟಾರ್ಚೂ ಒಂದು ಗಂಟಲೂ ಮೇಲೆ ಬಂದವು. "ಯಾರ್ಲೇ ಅದು? ನಿಧಿ ತಗಿಯಾಕ ಬಂದೀರೇನು?" ಹಳೆಯ ಕೋಟೆ, ಗುಡ್ಡ ಇದ್ದಲ್ಲೆಲ್ಲ ನಿಧಿ ಅಗೆಯುವವರ ಮಾತು ಇದ್ದೇ ಇರುತ್ತದೆ, ಅಮಾವಾಸ್ಯೆಯ ದಿನ ಮೋಡವಿಲ್ಲದೆ ಮಿಂಚು ಹೊಡೆದರೆ ಯಾರು ತಾನೇ ಸುಮ್ಮನಿರುತ್ತಾರೆ? ಬಂದವನು ಕುರಿ ಕಾಯುವ ಬೀರಪ್ಪ. ಹೊಲಕ್ಕೆ ಗೊಬ್ಬರವಾಗಲೆಂದು ಕೆಳಗಿನ ಹತ್ತಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದ್ದನಂತೆ. ಅವನ ಪಕ್ಕ ಕರುವಿನಷ್ಟು ಎತ್ತರದ ಒಂದು ನಾಯಿ. "ನಾನು ಗೋಗಿ ಸಾಲಿ ಮಾಸ್ತರ" ಎಂದೆ. "ಮಾಸ್ತರ ಆದ್ರ ಅಮಾಸಿ ದಿನ ಗುಡ್ಡದಾಗ ಯಾರಿಗೆ ಪಾಠ ಹೇಳಾಕತ್ತೀರಿ?" ಎಂದ. ಗುರುತಿನ ಚೀಟಿ ತೋರಿಸೋಣವೆಂದು ಜೇಬಿಗೆ ಕೈ ಹಾಕಿದೆ. ನಿಂಬೆಹಣ್ಣು ಹೊರಬಿದ್ದು ಉರುಳುತ್ತಾ ಹೋಗಿ ಅವನ ಕಾಲ ಬಳಿಯೇ ನಿಂತಿತು. ಬೀರಪ್ಪ ಅದರ ಮೇಲೆ ಟಾರ್ಚ್ ಬಿಟ್ಟು, ಆಮೇಲೆ ನನ್ನ ಮುಖದ ಮೇಲೆ ಬಿಟ್ಟ.

ಶರಣಪ್ಪನ ದೊಡ್ಡತನ ನೋಡಬೇಕಾದದ್ದು ಇಂಥ ಕಡೆ. ಗಾಬರಿಯಿಲ್ಲ, ದನಿ ಏರಿಸಲಿಲ್ಲ. "ಬರ್ರಿ ಕಾಕಾ, ಮೊದ್ಲ ಇದನ್ನ ನೋಡ್ರಿ" ಎಂದು ಕ್ಯಾಮೆರಾದ ಹಿಂದೆ ಕರೆದು ಏಳು ಮಾಸ್ತರರನ್ನು ತೋರಿಸಿದ. ಬೀರಪ್ಪ ಎಣಿಸಿ ನಕ್ಕ. "ಇವ್ರು ನಿಧಿ ಕಳ್ಳರಲ್ಲ ಬಿಡ್ರಿ. ಅವ್ರಿಗೆ ಬುದ್ಧಿ ಇರ್ತೈತಿ" ಎಂದ. ಆಮೇಲೆ, "ಕುರಿ ಎದ್ದು ನಿಂತಾವ. ಜಲ್ದಿ ಮುಗಸ್ರಿ" ಎಂದು ತನ್ನ ಕರಿ ಕಂಬಳಿಯನ್ನು ತೆಗೆದು ನನ್ನ ಮೇಲೆ ಹೊದಿಸಿದ. "ಇದನ್ನ ಹೊತ್ಕೊಂಡ್ರ ತೋಳಕ್ಕೂ ಕಾಣಂಗಿಲ್ಲ." ಕೋಲಿನ ಮೇಲೆ ಗದ್ದ ಊರಿ, ಒಂಟಿ ಕಾಲಲ್ಲಿ ನಿಂತ ಅವನನ್ನು ನೋಡಿದ್ದೇ ಶರಣಪ್ಪನ ಕಣ್ಣು ಮಿನುಗಿತು. "ಕಾಕಾ, ಆ ಹಾಸುಬಂಡಿ ಮ್ಯಾಲ ಹಿಂಗ ನಿಲ್ತೀರೇನು?" ಎಂದ. "ನಿಲ್ಲೋದ ನನ್ನ ಕೆಲಸ" ಎಂದ ಬೀರಪ್ಪ. ಶರಣಪ್ಪ ಕ್ಯಾಮೆರಾದ ಕಣ್ಣು ತೆರೆದ. ನಾನು ಕಂಬಳಿಯೊಳಗೆ ಮುದುಡಿ, ಮೊಣಕಾಲು ತರಚಿಕೊಂಡು, ಮುಳ್ಳು ತುಳಿದು, ಬಂಡೆ ಬಂಡೆಗೆ ಬೆಳಕು ಹೊಡೆದು, ಕೊನೆಗೆ ಬೀರಪ್ಪನಿಗೊಂದು ಹೊಡೆದು, "ಮುಗೀತು" ಎಂದು ಕೂಗಿದೆ.

ಫೋಟೋ ಈಗ ಹೊಸ ಅಂಗಡಿಯ ಗೋಡೆಯ ಮೇಲಿದೆ. ಇವತ್ತಿಗೂ ಅಂಗಡಿಗೆ ಹೋದರೆ ಮೊದಲು ಅದರ ಮುಂದೆ ನಿಲ್ಲುತ್ತೇನೆ. ನಾನು ದಿನಾ ಕಂಡ ಗುಡ್ಡವನ್ನು ನಾನು ಯಾವತ್ತೂ ನೋಡಿರಲೇ ಇಲ್ಲ. ಅಂಗಡಿ ಶುರುವಾದ ದಿನ ಬೀರಪ್ಪನೂ ತಲೆಗೆ ಹೊಸ ಪಟಕ ಸುತ್ತಿಕೊಂಡು ಬಂದಿದ್ದ. ತನ್ನನ್ನು ತಾನು ನೋಡಿಕೊಂಡು ಮುಗಿದ ಮೇಲೆ, "ಮಾಸ್ತರ ಎಲ್ಲೂ ಕಾಣವಲ್ರು?" ಎಂದ. ಶರಣಪ್ಪ ಬಂದ ಜನರೆಲ್ಲ ಕೇಳುವಂತೆ, "ಎಲ್ಲೆಲ್ಲಿ ಬೆಳಕ ಬಿದ್ದೈತಿ ನೋಡ್ರಿ, ಅಲ್ಲೆಲ್ಲ ಮಾಸ್ತರ ನಿಂತಿದ್ರು" ಎಂದ. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರೂ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿಲ್ಲ. ನೋಡಿದವರೆಲ್ಲ ಹೊಗಳುವುದು ಎಡಗಡೆ ಕಪ್ಪಗೆ ಉಳಿದ ಒಂದು ಬಂಡೆಯನ್ನು. ಆ ಕತ್ತಲೆಯಿಂದಲೇ ಉಳಿದದ್ದಕ್ಕೆ ಕಳೆ ಬಂದಿದೆಯಂತೆ. ಶರಣಪ್ಪ ಕೂಡ ನನ್ನ ಕೈ ಹಿಡಿದು, "ಆ ಬಂಡಿ ಬಿಟ್ಟಿದ್ದು ಭಾರಿ ಛಲೋ ಮಾಡಿದ್ರಿ ಮಾಸ್ತರ, ನನಗ ಹೊಳೆದಿರಲಿಲ್ಲ" ಎಂದ. ನಾನು ಕಲಾವಿದರು ನಗುವ ಹಾಗೆ ಸಣ್ಣಗೆ ನಕ್ಕೆ. ಆ ಬಂಡೆಯ ಮುಂದೆ ಬೀರಪ್ಪನ ನಾಯಿ ಮಲಗಿತ್ತು ಎಂಬುದನ್ನು ಇನ್ನೂ ಯಾರಿಗೂ ಹೇಳಿಲ್ಲ.