ಸೆಕೆಂಡ್ ಮುಳ್ಳಿನ ಸಂಜೆ ಸಿದ್ಧತೆ

ಬಸ್ ಡಿಪೋದ ಟೈಂಕೀಪರ್ ಅಂದು ಸಂಜೆ ಮನೆಗೆ ಬಂದದ್ದು ಯುದ್ಧ ಗೆದ್ದ ಸೇನಾಪತಿಯ ಗತ್ತಿನಲ್ಲಿ. ಚಪ್ಪಲಿ ಬಿಡುವ ಮೊದಲೇ ಘೋಷಣೆ ಹೊರಬಿತ್ತು. "ನಾಳೆಯಿಂದ ಈ ಮನೇಲಿ ಬೆಳಿಗ್ಗೆ ಹೊತ್ತು ಯಾರೂ ಏನನ್ನೂ ಹುಡುಕೋ ಹಾಗಿಲ್ಲ."

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆಯೇ, "ಈ ಮನೇಲಿ ಹುಡುಕೋರು ಒಬ್ಬರೇ ರೀ. ಅವರು ಈಗ ತಾನೇ ಬಂದ್ರು," ಎಂದಳು.

ಘೋಷಣೆಗೆ ಕಾರಣವಿತ್ತು. ಎರಡು ನಿಮಿಷಕ್ಕಿಂತ ಹೆಚ್ಚು ತಡವಾಗಿ ಬಂದವರು ಡಿಪೋ ಗೇಟಿನ ಕಪ್ಪು ಹಲಗೆಯ ಮೇಲೆ ತಮ್ಮ ಹೆಸರನ್ನೂ ತಡವಾದ ಕಾರಣವನ್ನೂ ಸ್ವಂತ ಕೈಯಿಂದ ಬರೆಯಬೇಕು, ಅದು ಒಂದು ವಾರ ಅಲ್ಲೇ ಇರಬೇಕು ಎಂದು ಮ್ಯಾನೇಜರರ ತಲೆ ತಿಂದು ನಿಯಮ ಮಾಡಿಸಿದ್ದು ಇವನೇ. ನಾಳೆ ಬೆಳಿಗ್ಗೆ ಆರಕ್ಕೆ ಅದು ಜಾರಿಗೆ ಬರುವುದಿತ್ತು. ಬೆನ್ನ ಹಿಂದೆ ಡ್ರೈವರುಗಳು ಇವನನ್ನು 'ಸೆಕೆಂಡ್ ಮುಳ್ಳು' ಎಂದು ಕರೆಯುತ್ತಿದ್ದರು. ತಡವಾದವರು ಯಾರಾದರೂ ತಲೆ ಕೆರೆಯುತ್ತಾ ಪಂಕ್ಚರ್ ಎಂದರೆ ಸಾಕು, "ಪಂಕ್ಚರ್ ಆಗಿರೋದು ನಿನ್ನ ಗಾಡಿಗಲ್ಲಪ್ಪಾ, ನಿನ್ನೆ ಸಂಜೆಗೆ. ಸಂಜೆನೇ ಎಲ್ಲ ರೆಡಿ ಮಾಡ್ಕೋಬೇಕು," ಎಂದು ಉಪದೇಶ ಶುರು.

ನಿಯಮ ಮಾಡಿಸಿದ ಖುಷಿಯಲ್ಲಿ ಸ್ಕೂಟರ್ ಹತ್ತಿದವನಿಗೆ ಅರ್ಧ ದಾರಿಯಲ್ಲಿ ಒಂದು ವಿಷಯ ಹೊಳೆಯಿತು. ಆ ಹಲಗೆ ತನಗೂ ಅನ್ವಯಿಸುತ್ತದೆ. ಕಳೆದ ವಾರವಷ್ಟೇ ಗುಂಡಿ ತಪ್ಪಿ ಹಾಕಿದ ಅಂಗಿಯಲ್ಲಿ ಆರು ಗಂಟೆ ನಾಲ್ಕು ನಿಮಿಷಕ್ಕೆ ಗೇಟು ದಾಟಿದ್ದ. ಉಪದೇಶ ಮಾಡಿದವನ ಹೆಸರೇ ಹಲಗೆ ಹತ್ತಿದರೆ ಮತ್ತೆ ಯಾವ ಮುಖ ಇಟ್ಟುಕೊಂಡು ಸೀಟಿ ಊದುವುದು?

ಡಿಪೋದಲ್ಲಿ ಸಂಜೆ ಬಸ್ಸುಗಳನ್ನು ಮರುದಿನ ಹೊರಡುವ ಕ್ರಮದಲ್ಲೇ ಸಾಲಾಗಿ ನಿಲ್ಲಿಸುತ್ತಾರೆ. ಅದೇ ಶಾಸ್ತ್ರ ಮನೆಗೂ ಬಂತು. ಏಳು ಗಂಟೆಗೆ ಅವನು ಬಚ್ಚಲ ಬಾಗಿಲಿನಿಂದ ಬೀದಿ ಬಾಗಿಲಿನವರೆಗೆ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಗೆರೆಯುದ್ದಕ್ಕೂ ಟವೆಲು, ಪ್ಯಾಂಟು, ಅಂಗಿ, ಬೆಲ್ಟು, ಸಾಕ್ಸು, ಗಡಿಯಾರ, ಸೀಟಿ, ಕೊನೆಗೆ ಸ್ಕೂಟರಿನ ಕೀ ಒಂದರ ಹಿಂದೊಂದು ನಿಂತವು. ಗೋಡೆಗೆ ವೇಳಾಪಟ್ಟಿಯೂ ಅಂಟಿತು.

ಎಂಟನೇ ತರಗತಿಯ ಮಗಳು ಅದನ್ನು ಗಂಭೀರವಾಗಿ ಓದಿದಳು. "ಅಪ್ಪಾ, ಸಾಕ್ಸ್ ಐದು ಇಪ್ಪತ್ತೆರಡಕ್ಕೆ ಹೊರಡತ್ತಾ?"

"ಹೌದು."

"ಎರಡೂ ಒಟ್ಟಿಗೇನಾ?"

ಹೆಂಡತಿ ನಗು ನುಂಗಿಕೊಂಡು, "ಅತ್ತೆಗೆ ಒಂದು ಮಾತು ಹೇಳಿದ್ದೀರಾ?" ಎಂದು ಕೇಳಿದಳು. ಅತ್ತೆ ಪಕ್ಕದ ಮನೆಗೆ ಮಾತಾಡಲು ಹೋಗಿದ್ದಳು.

"ಅಮ್ಮನಿಗೆ ಯಾಕೆ? ಅವಳೇನು ಡ್ಯೂಟಿಗೆ ಹೋಗಬೇಕಾ?"

"ನಾನಂತೂ ದಿನಾ ಸಂಜೆ ಹೇಳ್ತೀನಪ್ಪಾ."

ಇಷ್ಟು ದೊಡ್ಡ ವ್ಯವಸ್ಥೆಯನ್ನು ಅಮ್ಮನಿಗೆ ವಿವರಿಸುತ್ತಾ ಕೂರಲು ಅವನಿಗೆ ಪುರುಸೊತ್ತಿರಲಿಲ್ಲ. ವೇಳಾಪಟ್ಟಿಯ ಪ್ರಕಾರ ಎಂಟಕ್ಕೆ ಮಲಗಬೇಕಿತ್ತು, ಮಲಗಿಬಿಟ್ಟ.

ಬೆಳಿಗ್ಗೆ ಐದಕ್ಕೆ ಎದ್ದವನು ದೀಪ ಹಾಕುವ ಗೋಜಿಗೂ ಹೋಗದೆ ಟವೆಲಿಗೆ ಕೈ ಚಾಚಿದ. ಸಿಕ್ಕಿದ್ದು ತಣ್ಣನೆಯ ನೆಲ. ದೀಪ ಹಾಕಿದರೆ ನಡುಮನೆ ಥಳಥಳ ಹೊಳೆಯುತ್ತಿತ್ತು. ಟವೆಲಿಲ್ಲ, ಪ್ಯಾಂಟಿಲ್ಲ, ಸೀಮೆಸುಣ್ಣದ ಗೆರೆ ಕೂಡ ಇಲ್ಲ.

"ಏಳಿ, ಏಳಿ, ಕಳ್ಳ ಬಂದಿದ್ದಾನೆ!"

ಹೆಂಡತಿ ಎದ್ದು ಬಂದು ಸುತ್ತ ಕಣ್ಣಾಡಿಸಿದಳು. "ಟಿವಿ ಬಿಟ್ಟು, ನಿಮ್ಮ ಹಳೇ ಪ್ಯಾಂಟ್ ತಗೊಂಡು, ನೆಲ ಒರೆಸಿ ಹೋದನಾ? ಸಿಕ್ಕಿದ್ರೆ ಬಿಡಬೇಡಿ, ಮನೆಕೆಲಸಕ್ಕೆ ಇಟ್ಕೊಳ್ಳೋಣ."

ಅವನು ಮಂಚದ ಕೆಳಗೆ ತೂರಿದ. ಅಟ್ಟ ಹತ್ತಿದ. ವಾಷಿಂಗ್ ಮಷೀನಿನ ಹಿಂದೆ ಕೈ ಹಾಕಿ ಮೊಣಕೈ ತರಚಿಕೊಂಡ. ಮಗಳ ಶಾಲೆ ಚೀಲವನ್ನು ತಲೆಕೆಳಗು ಮಾಡಿದ. ಐದೂಮುಕ್ಕಾಲಾಯಿತು. ಗದ್ದಲಕ್ಕೆ ಎಚ್ಚರವಾದ ಅಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾ ಬಂದಳು. ಮಲಗುವ ಮುಂಚೆ ನೆಲದ ಮೇಲೆ ಒಂದು ಕಡ್ಡಿಯೂ ಬಿದ್ದಿರಬಾರದು ಎನ್ನುವುದು ನಲವತ್ತು ವರ್ಷಗಳಿಂದ ಅವಳ ನಿಯಮ, ಅದಕ್ಕೆ ವೇಳಾಪಟ್ಟಿ ಬೇಕಾಗಿರಲಿಲ್ಲ.

"ಬಚ್ಚಲಿಂದ ಬಾಗಿಲ ತನಕ ಚೆಲ್ಲಾಡಿಟ್ಟಿದ್ದೆಯಲ್ಲೋ. ಎಲ್ಲ ಎತ್ತಿಟ್ಟೆ."

"ಎಲ್ಲಿಟ್ಟೆ?"

"ಎಲ್ಲಿರಬೇಕೋ ಅಲ್ಲಿ."

"ಎಲ್ಲಿರಬೇಕು?"

ನಲವತ್ತೆರಡು ವರ್ಷದ ಮಗನನ್ನು ಅಮ್ಮ ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಆಮೇಲೆ ಬೀರುವಿನ ಬಾಗಿಲು ತೆರೆದಳು. ಪ್ಯಾಂಟು ಪ್ಯಾಂಟುಗಳ ಸಾಲಿನಲ್ಲಿತ್ತು, ಬೆಲ್ಟು ಅದರ ಕೊಕ್ಕೆಯಲ್ಲಿತ್ತು. ಸೀಟಿ, ಗಡಿಯಾರ ಡ್ರಾಯರಿನಲ್ಲಿದ್ದವು. ಸ್ಕೂಟರಿನ ಕೀ, ಮದುವೆಯಾದ ಹೊಸತರಲ್ಲಿ ಅವನೇ ಹೊಡೆದ ಮೊಳೆಯಲ್ಲಿ ತೂಗುತ್ತಿತ್ತು. ಬೀರುವಿನ ಕೆಳ ಅರೆಗೆ ಹಾಸಿದ್ದ ಕಾಗದ ಯಾವುದೆಂದು ಅವನು ಬಗ್ಗಿ ನೋಡಿದ. ಸಾಕ್ಸು ಹೊರಡುವ ಸಮಯ ಸ್ಪಷ್ಟವಾಗಿ ಕಾಣುತ್ತಿತ್ತು.

ಅಮ್ಮ ಸೊಸೆಯ ಕಡೆ ತಿರುಗಿದಳು. "ನಿನ್ನ ಬ್ಯಾಗು ಹೇಳಿದ ಹಾಗೇ ಬಾಗಿಲ ಹತ್ತಿರ ಇಟ್ಟಿದ್ದೀನಿ ಕಣಮ್ಮ."

"ಸರಿ ಅತ್ತೆ," ಎಂದು ಅವಳು ನಿಧಾನವಾಗಿ ಕಾಫಿ ಕುಡಿದಳು. ಅವನು ಒಂದು ಕಾಲಿಗೆ ಸಾಕ್ಸು ಏರಿಸುತ್ತಲೇ ಕೀಗೆ ಕೈ ಚಾಚಿದ.

ಆರು ಗಂಟೆ ಹನ್ನೊಂದು ನಿಮಿಷಕ್ಕೆ ಸ್ಕೂಟರ್ ಡಿಪೋ ತಲುಪಿತು. ಗೇಟಿನಲ್ಲಿ ಕೈಗಡಿಯಾರ ನೋಡುತ್ತಾ ಮ್ಯಾನೇಜರು ನಿಂತಿದ್ದರು. ಅವರ ಹಿಂದೆ ಡ್ರೈವರುಗಳೆಲ್ಲ ನೆರೆದಿದ್ದರು. ಮಧ್ಯಾಹ್ನ ಹನ್ನೆರಡರ ಪಾಳಿಯವರೂ ಅಂದು ಐದೂವರೆಗೇ ಬಂದಿದ್ದರಂತೆ. ಎಲ್ಲರಿಗಿಂತ ಹಿರಿಯ ಡ್ರೈವರ್ ಬಹಳ ಮರ್ಯಾದೆಯಿಂದ ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಮುಂದೆ ಚಾಚಿದ.

ಟೈಂಕೀಪರ್ ಹೆಸರು ಬರೆದ. ಸಮಯ ಬರೆದ. ಕಾರಣದ ಜಾಗದಲ್ಲಿ ಕೈ ನಿಂತಿತು. ಏನೇನೋ ಸುಳ್ಳುಗಳು ತಲೆಗೆ ಬಂದವು, ಆದರೆ ಇಷ್ಟು ಜನರೆದುರು ಒಂದೂ ಕೈಗಿಳಿಯಲಿಲ್ಲ. ಕೊನೆಗೆ ಇದ್ದದ್ದನ್ನೇ ಬರೆದ: 'ಎಲ್ಲ ಸಾಮಾನೂ ಇರಬೇಕಾದ ಜಾಗದಲ್ಲೇ ಇತ್ತು.'

ಮ್ಯಾನೇಜರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಒಳಗೆ ಹೋದರು.

ಹಿರಿಯ ಡ್ರೈವರ್ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಳಿಸಿ ಪಂಕ್ಚರ್ ಅಂತ ಬರೀರಿ ಸಾರ್. ನಾವು ನಂಬ್ತೀವಿ."